ಸಿಬ್ಬಂದಿ ಮನೆಯಿಂದ ಕೆಲಸ ಮಾಡುವಾಗ ವ್ಯವಹಾರದ ಗುಟ್ಟು ಕಾಪಾಡುವುದು ಹೇಗೆ: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಶಿರಸಿಯ ಅಡಿಕೆ ವಖಾರಿ, ಕುಮಟಾದ ತೆರಿಗೆ ಸಲಹೆ ಕಚೇರಿ, ಕಾರವಾರದ ಮೀನು ವ್ಯವಹಾರ, ಗೋಕರ್ಣದ ಹೋಮ್‌ಸ್ಟೇ. ಎಲ್ಲ ಕಡೆಯಿಂದಲೂ ಬರುವ ದೂರು ಹೆಚ್ಚುಕಡಿಮೆ ಒಂದೇ. "ಆ್ಯಂಟಿವೈರಸ್ ಹಾಕಿಸಿದೆವು, ಬಾಂಡ್ ಪೇಪರಿನ ಮೇಲೆ ಸಹಿಯೂ ಆಯಿತು. ಆದರೂ ಗಿರಾಕಿಗಳ ಪಟ್ಟಿ ಬೇರೆಯವರ ಕೈಗೆ ಹೋಗಿದೆ." ವಿಚಾರಿಸಿದರೆ ಪಟ್ಟಿಯನ್ನು ಯಾರೂ ಕದ್ದಿರುವುದಿಲ್ಲ. ಕೆಲಸ ಬಿಟ್ಟವರ ಸ್ವಂತ ಜಿಮೇಲಿನಲ್ಲಿ ಅದು ಮೊದಲ ದಿನದಿಂದಲೂ ಇರುತ್ತದೆ.

ತಪ್ಪುತ್ತಿರುವುದು ಕೆಲಸದ ಕ್ರಮ. ಜನ ಮೊದಲು ಬೀಗ ಕೊಳ್ಳುತ್ತಾರೆ, ಆಮೇಲೆ ಪೆಟ್ಟಿಗೆ ಹುಡುಕುತ್ತಾರೆ. ಗುಟ್ಟು ಯಾವುದು, ಅದು ಎಲ್ಲಿದೆ, ಆ ಜಾಗ ಯಾರ ಹೆಸರಿನಲ್ಲಿದೆ ಎಂಬ ಮೂರು ಪ್ರಶ್ನೆ ಮುಗಿಯುವ ತನಕ ಒಂದು ರೂಪಾಯಿಯನ್ನೂ ಸಾಫ್ಟ್‌ವೇರಿಗೆ ಹಾಕಬೇಡಿ. ಇಲ್ಲಿರುವ ಹಂತಗಳು ಇಬ್ಬರಿಂದ ಇಪ್ಪತ್ತು ಜನ ದುಡಿಯುವ ವ್ಯವಹಾರಕ್ಕೆ ಹೊಂದುತ್ತವೆ. ಕೊಟ್ಟ ಕ್ರಮದಲ್ಲೇ ಮಾಡಿ. ಮೂರನೇ ಹಂತ ಬಿಟ್ಟು ಆರಕ್ಕೆ ಹಾರಿದರೆ ಆರನೆಯದು ದಂಡ.

ಮೊದಲೇ ಹೊಂದಿಸಿಕೊಳ್ಳಬೇಕಾದದ್ದು

ಒಂದು ಬರೆಯುವ ಪುಸ್ತಕ. ವ್ಯವಹಾರದ ಹೆಸರಿನಲ್ಲಿ ತೆಗೆದ ಒಂದು ಸಿಮ್ ಮತ್ತು ಅದನ್ನು ಹಾಕಲು ಕಚೇರಿಯಲ್ಲೇ ಇರುವ ಒಂದು ಸಾದಾ ಫೋನು. ಕಚೇರಿಯದೇ ಆದ ಇಮೇಲ್. ಸ್ವಂತ ಡೊಮೇನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ವ್ಯವಹಾರಕ್ಕೆಂದೇ ಹೊಸದಾಗಿ ತೆರೆದ ಜಿಮೇಲ್ ಆದರೂ ಬೇಕು. ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ಬಿಟ್‌ವಾರ್ಡನ್ ತರದ ಒಂದು ಪಾಸ್‌ವರ್ಡ್ ಮ್ಯಾನೇಜರ್, ಅದರ ಉಚಿತ ಆವೃತ್ತಿಯಿಂದಲೇ ಶುರು ಮಾಡಬಹುದು. ಇಷ್ಟರ ಜೊತೆಗೆ ಪ್ರತಿ ಸಿಬ್ಬಂದಿಯ ಎದುರು ಕೂತು ಮಾತಾಡಲು ಅರ್ಧ ದಿನ ಬೇಕು. ಜನ ತಪ್ಪಿಸುವುದು ಈ ಅರ್ಧ ದಿನವನ್ನೇ. ದಯವಿಟ್ಟು ತಪ್ಪಿಸಬೇಡಿ.

ಹಂತ 1: ಯಾವುದು ಗುಟ್ಟು, ಯಾವುದಲ್ಲ ಎಂದು ಬರೆಯಿರಿ

ಎಲ್ಲವೂ ಗುಟ್ಟು ಎಂದು ಹೇಳಿದರೆ ಸಿಬ್ಬಂದಿ ಯಾವುದನ್ನೂ ಕಾಯುವುದಿಲ್ಲ. ಹಾಗಾಗಿ ಕಡಿಮೆ ಬರೆಯಿರಿ, ಖಚಿತವಾಗಿ ಬರೆಯಿರಿ.

ಅಡಿಕೆ ವ್ಯಾಪಾರವನ್ನೇ ನೋಡೋಣ. ಇವತ್ತು ರಾಶಿ ಎಷ್ಟಕ್ಕೆ ಹೋಯಿತು, ಚಾಲಿ ಎಷ್ಟಕ್ಕೆ ಹೋಯಿತು (ಎರಡೂ ಅಡಿಕೆಯ ಬಗೆಗಳು) ಎಂಬುದು ಗುಟ್ಟಲ್ಲ. ಸಂಜೆಯೊಳಗೆ ಅದು ಊರಿನವರ ಮೊಬೈಲಿಗೆಲ್ಲ ಬಂದಿರುತ್ತದೆ. ನಾಳೆಯ ಟೆಂಡರಿನಲ್ಲಿ ಯಾವ ಲಾಟಿಗೆ ನೀವು ಎಷ್ಟು ಬರೆಯಲಿದ್ದೀರಿ ಎಂಬುದು ಗುಟ್ಟು. ಯಾವ ಊರಿನ ಯಾವ ಖರೀದಿದಾರರು ಎಂಥ ಮಾಲು ಕೇಳುತ್ತಾರೆ, ಅವರಿಗೆ ಎಷ್ಟು ದಿನದ ಉದ್ದರಿ ಕೊಡುತ್ತೀರಿ ಎಂಬುದು ಅದಕ್ಕಿಂತ ದೊಡ್ಡ ಗುಟ್ಟು. ಮೊದಲನೆಯದು ನಾಳೆ ಮಧ್ಯಾಹ್ನಕ್ಕೆ ಹಳತಾಗುತ್ತದೆ. ಎರಡನೆಯದು ವರ್ಷಗಟ್ಟಲೆ ಬೆಲೆ ಬಾಳುತ್ತದೆ.

ಪುಸ್ತಕದಲ್ಲಿ ಮೂರು ಕಾಲಂ ಹಾಕಿ. ಹೊರಗೆ ಹೋದರೆ ವ್ಯವಹಾರಕ್ಕೇ ಪೆಟ್ಟು ಬೀಳುವಂಥದ್ದು ಮೊದಲನೆಯದರಲ್ಲಿ. ಬೇರೆಯವರು ನಮ್ಮನ್ನು ನಂಬಿ ಕೊಟ್ಟದ್ದು ಎರಡನೆಯದರಲ್ಲಿ: ಹೋಮ್‌ಸ್ಟೇ ಅತಿಥಿಗಳ ಆಧಾರ್ ಪ್ರತಿ, ಗಿರಾಕಿಗಳ ಪ್ಯಾನ್, ಜಿಎಸ್‌ಟಿ ಲಾಗಿನ್, ಬ್ಯಾಂಕ್ ಸ್ಟೇಟ್‌ಮೆಂಟ್. ಉಳಿದ ದಿನನಿತ್ಯದ್ದು ಮೂರನೆಯದರಲ್ಲಿ. ಎರಡನೇ ಕಾಲಂ ಸೋರಿದರೆ ನಷ್ಟ ನಿಮ್ಮೊಬ್ಬರದಲ್ಲ, ಕಾನೂನಿನ ಹೊಣೆ ಮಾತ್ರ ನಿಮ್ಮದು.

ಇಲ್ಲಿ ಆಗುವ ತಪ್ಪು: ಮಾಲೀಕರು ಒಬ್ಬರೇ ಕೂತು ಬರೆಯುವುದು. ಲೆಕ್ಕ ಬರೆಯುವವರನ್ನೂ ಮಾಲು ಕಳಿಸುವವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಯಾವ ಕಾಗದದಲ್ಲಿ ಏನಿದೆ ಎಂದು ಅವರಿಗೇ ಜಾಸ್ತಿ ಗೊತ್ತಿರುತ್ತದೆ.

ಹಂತ 2: ಒಂದೇ ಒಂದು ಫೈಲಿನ ಬೆನ್ನು ಹತ್ತಿ

ಮೊದಲ ಕಾಲಂನಿಂದ ಒಂದು ಫೈಲು ಆರಿಸಿ, ಉದಾಹರಣೆಗೆ ದರಪಟ್ಟಿ. ಅದು ಎಲ್ಲೆಲ್ಲಿ ಹೋಗಿದೆ ಎಂದು ಕೊನೆಯ ತನಕ ಹುಡುಕಿ.

ಸಾಮಾನ್ಯವಾಗಿ ಸಿಗುವ ದಾರಿ ಹೀಗಿರುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ತಯಾರಾದ ಎಕ್ಸೆಲ್ ಪೆನ್‌ಡ್ರೈವಿನಲ್ಲಿ ಮನೆಗೆ ಹೋಯಿತು. ಅಲ್ಲಿಂದ ವಾಟ್ಸಾಪ್ ಗುಂಪಿಗೆ ಬಂತು. ಗುಂಪಿನಲ್ಲಿದ್ದವರ ಫೋನುಗಳಲ್ಲಿ ಡೌನ್‌ಲೋಡ್ ಆಯಿತು. ಒಬ್ಬರು ಅದರ ಫೋಟೊ ತೆಗೆದರು, ಫೋಟೊ ತಾನಾಗಿಯೇ ಗೂಗಲ್ ಫೋಟೋಸಿಗೆ ಏರಿತು. ಇನ್ನೊಬ್ಬರು ಪ್ರಿಂಟ್ ತೆಗೆಸಲು ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯ ನಂಬರಿಗೆ ಕಳಿಸಿದರು. ಆ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದು ಇವತ್ತಿಗೂ ಇದೆ, ಪಕ್ಕದಲ್ಲಿ ಯಾರದೋ ಮದುವೆ ಆಮಂತ್ರಣ, ಇನ್ಯಾರದೋ ಪಹಣಿ. ಅಂಗಡಿಯವರದ್ದೇನೂ ತಪ್ಪಿಲ್ಲ. ಅಳಿಸಿ ಎಂದು ನಾವು ಯಾವತ್ತೂ ಹೇಳಲಿಲ್ಲ, ಅಷ್ಟೆ.

ಒಂದು ಫೈಲಿನ ದಾರಿ ಸಿಕ್ಕರೆ ಉಳಿದವುಗಳ ದಾರಿಯೂ ಅದೇ ಎಂದು ತಿಳಿಯಿರಿ. ಆ ಜಾಗಗಳನ್ನೆಲ್ಲ ಪುಸ್ತಕದಲ್ಲಿ ಬರೆಯಿರಿ. ಅಳಿಸುವ ಆತುರ ಈಗಲೇ ಬೇಡ. ಎಷ್ಟೋ ಸಲ ಆ ಫೈಲಿನ ಸರಿಯಾದ ಪ್ರತಿ ಸಿಬ್ಬಂದಿಯ ಫೋನಿನಲ್ಲಿ ಮಾತ್ರ ಇರುತ್ತದೆ. ಜೆರಾಕ್ಸ್ ಅಂಗಡಿಯ ಪ್ರತಿಯನ್ನು ಮಾತ್ರ ಇವತ್ತೇ ಹೋಗಿ ಅಳಿಸಿಸಿ, ರಿಸೈಕಲ್ ಬಿನ್‌ನಿಂದಲೂ. ಗುಟ್ಟಿನ ಕಾಗದಕ್ಕೆ ಇನ್ನು ಮೇಲೆ ಕಚೇರಿಯ ಪ್ರಿಂಟರನ್ನೇ ಬಳಸಿ.

ಹಂತ 3: ಖಾತೆಗಳನ್ನು ವ್ಯವಹಾರದ ಹೆಸರಿಗೆ ತನ್ನಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು, ಅತಿ ಬೇಸರದ್ದೂ ಇದೇ. ಖಾತೆ ಯಾರ ಫೋನ್ ನಂಬರಿಗೆ, ಯಾರ ಇಮೇಲಿಗೆ ಕಟ್ಟಿಕೊಂಡಿದೆಯೋ ಮಾಹಿತಿಯ ಯಜಮಾನರು ಅವರೇ. ಸಂಬಳ ಯಾರು ಕೊಡುತ್ತಾರೆ ಎಂಬುದು ಗೂಗಲ್‌ಗೆ ಗೊತ್ತಿಲ್ಲ.

ಇಮೇಲಿನಿಂದ ಶುರು ಮಾಡಿ. ಗಿರಾಕಿಗಳಿಗೆ ಸಿಬ್ಬಂದಿ ತಮ್ಮ ಸ್ವಂತ ಜಿಮೇಲಿನಿಂದ ಬರೆಯುತ್ತಿದ್ದರೆ ಇವತ್ತಿಗೇ ನಿಲ್ಲಿಸಿ. ಒಬ್ಬೊಬ್ಬರಿಗೂ ಕಚೇರಿಯ ವಿಳಾಸ ಕೊಡಿ. ಮರಳಿ ಪಡೆಯುವ ನಂಬರಿನ ಜಾಗದಲ್ಲಿ ಕಚೇರಿಯ ಸಿಮ್ ಇರಲಿ.

ಆಮೇಲೆ ಗೂಗಲ್ ಡ್ರೈವ್. ಸಿಬ್ಬಂದಿ ಸ್ವಂತ ಖಾತೆಯಲ್ಲಿ ತಯಾರಿಸಿ ನಿಮಗೆ "ಶೇರ್" ಮಾಡಿದ ಶೀಟು ಅವರದ್ದೇ. ಅವರು ಅಳಿಸಿದರೆ ನಿಮ್ಮಲ್ಲೂ ಇರುವುದಿಲ್ಲ. ಎರಡೂ ಸಾದಾ ಜಿಮೇಲ್ ಆಗಿದ್ದರೆ ಒಡೆತನ ವರ್ಗಾಯಿಸಬಹುದು. ಸಾದಾ ಜಿಮೇಲಿನಿಂದ ಕಚೇರಿ ಡೊಮೇನಿನ ಖಾತೆಗೆ ಒಡೆತನ ನೇರವಾಗಿ ಬರುವುದಿಲ್ಲ, ಹಾಗಾಗಿ ಕಚೇರಿ ಖಾತೆಯಿಂದ ತೆರೆದು ಪ್ರತಿ ಮಾಡಿಕೊಳ್ಳಿ. ಹೊಸ ಪ್ರತಿಯಲ್ಲಿ ಕೆಲಸ ಶುರುವಾಯಿತು ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ಅವರ ಕೈಯಿಂದಲೇ ಅಳಿಸಿಸಿ.

ನಮ್ಮ ಕಡೆ ಅತಿ ಹೆಚ್ಚು ಸಿಕ್ಕಿಬೀಳುವುದು ಜಿಎಸ್‌ಟಿ ಪೋರ್ಟಲಿನಲ್ಲಿ. ನೋಂದಣಿ ಮಾಡಿಸಿಕೊಟ್ಟವರು ಅವಸರದಲ್ಲಿ ತಮ್ಮದೇ ನಂಬರು, ತಮ್ಮದೇ ಇಮೇಲ್ ಹಾಕಿರುತ್ತಾರೆ. ಒಟಿಪಿ ಎಲ್ಲ ಅವರಿಗೇ ಹೋಗುತ್ತದೆ. ನಿಮ್ಮ ಖರೀದಿ, ಮಾರಾಟ, ಯಾರಿಗೆ ಎಷ್ಟು ಬಿಲ್ ಎಂಬುದೆಲ್ಲ ಅಲ್ಲಿದೆ, ಅಲ್ವಾ? ಅಧಿಕೃತ ಸಹಿದಾರರ ಮೊಬೈಲ್ ಮತ್ತು ಇಮೇಲ್ ಬದಲಿಸುವುದು "ನಾನ್ ಕೋರ್" ತಿದ್ದುಪಡಿ. ಪೋರ್ಟಲಿನಲ್ಲೇ ಆಗುತ್ತದೆ, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಸಲಹೆಗಾರರನ್ನು ಬದಲಿಸಬೇಕೆಂದಲ್ಲ. ಅವರು ರಿಟರ್ನ್ ತುಂಬಲಿ, ಬೀಗದ ಕೈ ನಿಮ್ಮಲ್ಲಿರಲಿ.

ವೆಬ್‌ಸೈಟ್ ಡೊಮೇನ್, ಗೂಗಲ್ ಮ್ಯಾಪ್ಸಿನ ವ್ಯವಹಾರ ಪುಟ, ಇನ್‌ಸ್ಟಾಗ್ರಾಂ, ಹೋಮ್‌ಸ್ಟೇ ಬುಕಿಂಗ್ ಆ್ಯಪಿನ ಖಾತೆ: ಇವುಗಳಿಗೂ ಇದೇ ಪರೀಕ್ಷೆ. ಗಿರಾಕಿಗಳ ಜೊತೆ ಮಾತಾಡುವ ವಾಟ್ಸಾಪ್ ನಂಬರು ಸಿಬ್ಬಂದಿಯ ಸ್ವಂತದ್ದಾಗಿದ್ದರೆ ಅವರು ಹೋದ ದಿನ ಗಿರಾಕಿಗಳೂ ಹೋದ ಹಾಗೆ. ಕಚೇರಿ ಸಿಮ್ಮಿನಲ್ಲಿ ವಾಟ್ಸಾಪ್ ಬಿಸಿನೆಸ್ ತೆರೆಯಿರಿ. ಫೋನು ಕಚೇರಿಯಲ್ಲೇ ಇರಲಿ, ಮನೆಯಲ್ಲಿ ಕೂತವರಿಗೆ "ಲಿಂಕ್ಡ್ ಡಿವೈಸಸ್" ಮೂಲಕ ಕೊಡಿ. ನಾಲ್ಕು ಸಾಧನಗಳವರೆಗೆ ಜೋಡಿಸಬಹುದು, ಬೇಡವಾದಾಗ ಇಲ್ಲಿಂದಲೇ ಕಡಿಯಬಹುದು. ಆರು ಅಂಕಿಯ ಪಿನ್ ಹಾಕುವ ಎರಡು ಹಂತದ ಪರಿಶೀಲನೆಯನ್ನು ಅಲ್ಲೇ ಆನ್ ಮಾಡಿ.

ಎಚ್ಚರಿಕೆಯ ಸೂಚನೆ: "ಅದರ ಒಟಿಪಿ ಅವರಿಗೆ ಹೋಗುತ್ತದೆ, ಕೇಳಿ ಹೇಳುತ್ತೇನೆ" ಎಂಬ ಮಾತು ಕಚೇರಿಯಲ್ಲಿ ಕೇಳಿಬಂದರೆ ಈ ಹಂತ ಮುಗಿದಿಲ್ಲ.

ಹಂತ 4: ಪಾಸ್‌ವರ್ಡ್, ಆಮೇಲೆ ಎರಡನೇ ಬೀಗ

ಖಾತೆಗಳು ನಿಮ್ಮವಾದ ಮೇಲೆ ಎಲ್ಲ ಪಾಸ್‌ವರ್ಡ್ ಬದಲಿಸಿ. ಅಂಗಡಿಯ ಹೆಸರಿನ ಮುಂದೆ 123 ಹಾಕುವ ಅಭ್ಯಾಸ ಬಿಡಿ. ಪಾಸ್‌ವರ್ಡ್ ಮ್ಯಾನೇಜರ್ ಉದ್ದನೆಯದನ್ನು ತಾನೇ ಹುಟ್ಟಿಸಿ ನೆನಪಿಟ್ಟುಕೊಳ್ಳುತ್ತದೆ. ಅದರ ಮುಖ್ಯ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ. ಮಾಲೀಕರಿಗೆ ಏನಾದರೂ ಆದರೆ ಮನೆಯವರಿಗೆ ದಾರಿ ಬೇಕು.

ಪಾಸ್‌ವರ್ಡಿನ ಮೇಲೆ ಇನ್ನೊಂದು ಸಂಖ್ಯೆ ಕೇಳುವ ಎರಡನೇ ಬೀಗಕ್ಕೆ ಎಸ್‌ಎಂಎಸ್ ಒಟಿಪಿಗಿಂತ ಅಥೆಂಟಿಕೇಟರ್ ಆ್ಯಪ್ ವಾಸಿ. ನಮ್ಮ ಉತ್ತರ ಕನ್ನಡ ಜಿಲ್ಲೆಗಂತೂ ಇದು ಹೇಳಿ ಮಾಡಿಸಿದ್ದು. ಸಿದ್ದಾಪುರ, ಜೋಯಿಡಾ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಮನೆಗೆ ಫೈಬರ್ ಬಂದಿದ್ದರೂ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಎಸ್‌ಎಂಎಸ್ ಬರುವುದು ಗುಡ್ಡ ಹತ್ತಿದಾಗ, ಅಷ್ಟರಲ್ಲಿ ಒಟಿಪಿಯ ಸಮಯ ಮುಗಿದಿರುತ್ತದೆ. ಆಗ ಏನಾಗುತ್ತದೆ? ಬೇಸತ್ತವರು ಎರಡನೇ ಬೀಗವನ್ನೇ ಆಫ್ ಮಾಡುತ್ತಾರೆ. ಅಥೆಂಟಿಕೇಟರ್ ಆ್ಯಪ್ ಸಿಗ್ನಲ್ ಇಲ್ಲದೆಯೂ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೋರಿಸುತ್ತದೆ. ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಖಾತೆ ಕೊಡುವ ಬ್ಯಾಕಪ್ ಸಂಖ್ಯೆಗಳನ್ನು ಮುದ್ರಿಸಿ ತಿಜೋರಿಗೆ ಸೇರಿಸಿ.

ಹಂತ 5: ಯಾರಿಗೆ ಎಷ್ಟು ಬೇಕೋ ಅಷ್ಟೇ ಕೊಡಿ

ಡ್ರೈವಿನಲ್ಲಿ "ಲಿಂಕ್ ಇರುವ ಯಾರಾದರೂ" ಎಂದು ಬಿಟ್ಟ ಫೈಲು ಫಾರ್ವರ್ಡ್ ಆದ ಕಡೆಯೆಲ್ಲ ತೆರೆಯುತ್ತದೆ. ಅದನ್ನು "ರಿಸ್ಟ್ರಿಕ್ಟೆಡ್" ಮಾಡಿ, ಹೆಸರು ಹಿಡಿದು ಸೇರಿಸಿ. ನೋಡುವುದಷ್ಟೇ ಬೇಕಾದವರಿಗೆ ಡೌನ್‌ಲೋಡ್, ಪ್ರಿಂಟ್ ಬಂದ್ ಮಾಡಿ. ಪರದೆಯ ಫೋಟೊ ತೆಗೆಯುವುದನ್ನು ಇದು ತಡೆಯುವುದಿಲ್ಲ. ಆದರೆ ಅರಿಯದೆ ಆಗುವ ಸೋರಿಕೆಯನ್ನು ತಡೆಯುತ್ತದೆ, ಜಾಸ್ತಿ ಆಗುವುದೂ ಅದೇ.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಲ್ಲರೂ ಒಂದೇ ಅಡ್ಮಿನ್ ಪಾಸ್‌ವರ್ಡಿನಿಂದ ಒಳಗೆ ಹೋಗುವುದು ಮಾಮೂಲು. ಬೇರೆ ಬೇರೆ ಬಳಕೆದಾರರನ್ನು ಮಾಡಿ, ವೌಚರ್ ತುಂಬುವವರಿಗೆ ಲಾಭನಷ್ಟದ ಪುಟ ಕಾಣದಂತೆ ಇಡಿ. ಟ್ಯಾಲಿಯ ಡೇಟಾ ಫೋಲ್ಡರನ್ನು ಇಡಿಯಾಗಿ ಎತ್ತಿಕೊಂಡು ಹೋಗುವುದು ಸುಲಭ. ಡೇಟಾಕ್ಕೆ ಪಾಸ್‌ವರ್ಡಿನ ಬೀಗ ಹಾಕುವ ಟ್ಯಾಲಿವಾಲ್ಟ್ ಹಾಕಿದ್ದರೆ ಒಯ್ದವರಿಗೆ ಒಳಗಿನದು ಓದಲು ಬರುವುದಿಲ್ಲ. ಆದರೆ ಆ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವ ದಾರಿಯೂ ಇಲ್ಲ. ಅದಕ್ಕೂ ತಿಜೋರಿಯಲ್ಲಿ ಕಾಗದ ಬೇಕು.

ಹೋಮ್‌ಸ್ಟೇಯವರು ಒಂದು ಕೆಲಸ ಹೆಚ್ಚಿಗೆ ಮಾಡಿ. ಅತಿಥಿಗಳ ಗುರುತಿನ ಚೀಟಿಯ ಫೋಟೊ ಕೆಲಸದ ಹುಡುಗರ ಗ್ಯಾಲರಿಯಲ್ಲಿ ಉಳಿಯಬಾರದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟರೆ ಒಪ್ಪಿಕೊಳ್ಳಿ. ಫೋಟೊ ತೆಗೆಯಲೇಬೇಕಾದರೆ ಕಚೇರಿ ಫೋನಿನಲ್ಲಿ ತೆಗೆಯಿರಿ.

ಹಂತ 6: ಮನೆಯಲ್ಲಿರುವ ಲ್ಯಾಪ್‌ಟಾಪ್

ಸಾಧ್ಯವಾದರೆ ಕಚೇರಿಯದೇ ಲ್ಯಾಪ್‌ಟಾಪ್ ಕೊಡಿ. ಹಳೆಯದಾದರೂ ಸರಿ, ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ ಎಂಬುದು ನೆನಪಿರಲಿ. ಸ್ವಂತ ಲ್ಯಾಪ್‌ಟಾಪಿನಲ್ಲೇ ಕೆಲಸವಾಗಬೇಕು ಎಂದಾದರೆ ಅದರಲ್ಲಿ ಕೆಲಸಕ್ಕೆಂದೇ ಬೇರೆ ಬಳಕೆದಾರ ಖಾತೆ ಮಾಡಿಸಿ. ಕೂಡುಕುಟುಂಬದ ಮನೆಯಲ್ಲಿ ಒಂದೇ ಲ್ಯಾಪ್‌ಟಾಪಿನಲ್ಲಿ ತಮ್ಮನ ಪರೀಕ್ಷೆ ಅರ್ಜಿ, ಅತ್ತಿಗೆಯ ಆನ್‌ಲೈನ್ ಖರೀದಿ, ಮಕ್ಕಳ ಆಟ ಎಲ್ಲ ನಡೆಯುತ್ತದೆ. ಮಕ್ಕಳು ಹಾಕಿಕೊಂಡ ಕಳ್ಳ ಆಟದ ಸಾಫ್ಟ್‌ವೇರು ನಿಮ್ಮ ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡನ್ನು ಎತ್ತಬಲ್ಲದು.

ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಮಾಡಿ, ಅಂದರೆ ಬೇರೆಯವರಿಗೆ ಒಳಗಿನದು ಓದಲು ಬರದಂತೆ ಬೀಗ ಹಾಕಿ. ವಿಂಡೋಸ್ ಪ್ರೊದಲ್ಲಿ ಅದು ಬಿಟ್‌ಲಾಕರ್, ಮ್ಯಾಕಿನಲ್ಲಿ ಫೈಲ್‌ವಾಲ್ಟ್. ಹುಬ್ಬಳ್ಳಿ ಬಸ್ಸಿನಲ್ಲಿ ಬ್ಯಾಗು ಕಳೆದರೂ ಹೋಗುವುದು ಯಂತ್ರ ಮಾತ್ರ, ಒಳಗಿನದಲ್ಲ. ರಿಕವರಿ ಕೀ ಸಿಬ್ಬಂದಿಯ ಸ್ವಂತ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಕೂರುತ್ತದೆ, ನೋಡಿಕೊಳ್ಳಿ. ಅದರ ಒಂದು ಪ್ರತಿ ಕಚೇರಿಯಲ್ಲಿರಲಿ. ಪರದೆ ಐದು ನಿಮಿಷಕ್ಕೆ ತಾನೇ ಲಾಕ್ ಆಗಲಿ.

ಬ್ಯಾಕಪ್ ವಾರಕ್ಕೊಮ್ಮೆ, ಎರಡು ಹಾರ್ಡ್‌ಡಿಸ್ಕಿಗೆ ಸರದಿಯಂತೆ. ಒಂದು ಕಚೇರಿಯಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ಎರಡನ್ನೂ ಎನ್‌ಕ್ರಿಪ್ಟ್ ಮಾಡಿರಬೇಕು. ನಮ್ಮ ಮಳೆಗಾಲದ ಥಂಡಿಗೆ ಹಾರ್ಡ್‌ಡಿಸ್ಕ್ ಕೈಕೊಡುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹೆಸ್ಕಾಂ ಕರೆಂಟು ಹೋಗಿ ಬರುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಬ್ಯಾಕಪ್ ತೆಗೆಯಬೇಡಿ.

ಹಂತ 7: ವೈಫೈ ಮತ್ತು ದೂರದಿಂದ ಕಂಪ್ಯೂಟರ್ ತೆರೆಯುವುದು

ಮನೆಯ ಫೈಬರ್ ರೌಟರಿಗೆ ಎರಡು ಪಾಸ್‌ವರ್ಡ್ ಇರುತ್ತದೆ: ವೈಫೈಯದ್ದು ಒಂದು, ರೌಟರ್ ಸೆಟ್ಟಿಂಗಿನದ್ದು ಇನ್ನೊಂದು. ಎರಡನೆಯದು ಎಷ್ಟೋ ಮನೆಗಳಲ್ಲಿ ಜೋಡಿಸಿದ ದಿನದ್ದೇ ಇರುತ್ತದೆ. ಎರಡನ್ನೂ ಬದಲಿಸಿ, ವೈಫೈ ಭದ್ರತೆಯ ಬಗೆಯಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ನೆಂಟರು, ಅಕ್ಕಪಕ್ಕದವರು ಬಂದಾಗ ಪಾಸ್‌ವರ್ಡ್ ಕೊಡದೆ ಇರುವುದು ನಮ್ಮಲ್ಲಿ ಆಗದ ಮಾತು. ಅವರಿಗೆ ಗೆಸ್ಟ್ ನೆಟ್‌ವರ್ಕ್ ಮಾಡಿಕೊಡಿ. ಗೋಕರ್ಣದ ಕೆಫೆಯ ವೈಫೈಯಲ್ಲಿ ಕೂತು ಟೆಂಡರ್ ಶೀಟು ತೆರೆಯುವ ಬದಲು ನಿಮ್ಮ ಫೋನಿನ ಹಾಟ್‌ಸ್ಪಾಟ್ ಬಳಸಿ.

ಮನೆಯಿಂದ ಕಚೇರಿಯ ಟ್ಯಾಲಿ ತೆರೆಯಲು ಎನಿಡೆಸ್ಕ್ ತರದ ಆ್ಯಪ್ ಬಳಸುವವರು ಬಹಳ. ಅದರಲ್ಲಿ ಯಾವ ಸಂಖ್ಯೆಯವರಿಗೆ ಮಾತ್ರ ಪ್ರವೇಶ ಎಂಬ ಪಟ್ಟಿ ಹಾಕಿ, ಫೈಲ್ ವರ್ಗಾವಣೆ ಮತ್ತು ಕ್ಲಿಪ್‌ಬೋರ್ಡ್ ಬಂದ್ ಮಾಡಿ. ಕಾಯಂ ಪಾಸ್‌ವರ್ಡ್ ಒಬ್ಬರಿಗಿಂತ ಹೆಚ್ಚು ಜನರಿಗೆ ಗೊತ್ತಿದ್ದರೆ ಈಗಲೇ ಬದಲಿಸಿ. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪನ್ನು ರೌಟರಿನಲ್ಲಿ ಪೋರ್ಟ್ 3389 ತೆರೆದು ನೇರವಾಗಿ ಇಂಟರ್ನೆಟ್ಟಿಗೆ ಬಿಡುವವರಿದ್ದಾರೆ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಳಬರುವ ಮಾಮೂಲು ದಾರಿಗಳಲ್ಲಿ ಇದೊಂದು. ಬೇಕೇ ಬೇಕೆಂದರೆ ವಿಪಿಎನ್ (ಹೊರಗಿನವರಿಗೆ ಕಾಣದ ಖಾಸಗಿ ಸಂಪರ್ಕ) ಹಿಂದೆ ಇಡಿಸಿ.

ಹಂತ 8: ಮಾತು

ಇಲ್ಲಿಯವರೆಗಿನದ್ದೆಲ್ಲ ಸರಿಯಾಗಿ ಮಾಡಿದವರೂ ಸೋಲುವುದು ಇಲ್ಲೇ. ನಮ್ಮ ಘಟ್ಟದ ಮೇಲಿನ ಎಷ್ಟೋ ಊರುಗಳಲ್ಲಿ ಸಿಗ್ನಲ್ ಸಿಗುವುದು ಒಂದೇ ತಿರುವಿನಲ್ಲಿ, ಒಂದೇ ದಿಬ್ಬದ ಮೇಲೆ. ಮನೆಯಿಂದ ಕೆಲಸ ಮಾಡುವವರೆಲ್ಲ ಅಲ್ಲೇ ಸೇರುತ್ತಾರೆ. ಮರದ ಬುಡದಲ್ಲಿ ನಾಲ್ಕು ಬೈಕು. ಒಬ್ಬರು ಬೆಂಗಳೂರಿನ ಮ್ಯಾನೇಜರ ಹತ್ತಿರ, ಇನ್ನೊಬ್ಬರು ವಖಾರಿಗೆ, ಮತ್ತೊಬ್ಬರು ಬ್ಯಾಂಕಿಗೆ. ಸಿಗ್ನಲ್ ಒಂದೇ ಕಡ್ಡಿ, ಹಾಗಾಗಿ ಎಲ್ಲರ ದನಿಯೂ ದೊಡ್ಡದು. "ಇಲ್ಲ ಇಲ್ಲ, ಆ ಪಾರ್ಟಿಗೆ ಕ್ವಿಂಟಾಲಿಗೆ ಇಷ್ಟರ ಮೇಲೆ ಬೇಡ" ಎಂಬ ಮಾತು ಆ ಮೂವರಿಗೂ ಕೇಳುತ್ತದೆ. ಕೇಳಿಸಿಕೊಂಡವರಲ್ಲಿ ಒಬ್ಬರ ಭಾವ ಅದೇ ವ್ಯಾಪಾರದಲ್ಲಿರುತ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ, ಆದರೂ ರಾತ್ರಿ ಊಟದ ಹೊತ್ತಿಗೆ ಸುದ್ದಿ ತಲುಪಬೇಕಾದಲ್ಲಿಗೆ ತಲುಪಿರುತ್ತದೆ.

ಪರಿಹಾರ ಹೀಗೆ. ದರ, ಹೆಸರು, ಪ್ರಮಾಣ, ಈ ಮೂರನ್ನೂ ಒಂದೇ ಮಾತಿನಲ್ಲಿ ಫೋನಿನಲ್ಲಿ ಹೇಳಬಾರದು ಎಂಬ ನಿಯಮ ಮಾಡಿ. ಪಾರ್ಟಿಗಳಿಗೆ ಒಳಗಿನ ಸಂಖ್ಯೆ ಕೊಡಿ: "ಹದಿನಾಲ್ಕಕ್ಕೆ ಹಳೇ ರೇಟೇ ಇರಲಿ" ಎಂದರೆ ಪಕ್ಕದವರಿಗೆ ಏನೂ ಗೊತ್ತಾಗುವುದಿಲ್ಲ. ದರವನ್ನು ಮಾತಿನ ಬದಲು ಬರೆದು ಕಳಿಸಿ. ಮನೆಗೆ ಫೈಬರ್ ಇದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಗುಡ್ಡಕ್ಕೆ ಹೋಗುವ ಕೆಲಸವೇ ತಪ್ಪುತ್ತದೆ. ಹೆಚ್ಚಿನ ಹೊಸ ಫೋನುಗಳಲ್ಲಿ ಅದು ಸೆಟ್ಟಿಂಗಿನಲ್ಲೇ ಇದೆ. ಮನೆಯಲ್ಲೂ ಜಗಲಿ ಬೇಡ, ಒಳಗಿನ ಕೋಣೆ ವಾಸಿ. ಕಾರವಾರದಿಂದ ಬೆಂಗಳೂರಿಗೆ ಪಂಚಗಂಗಾ ರೈಲಿನಲ್ಲಿ ಹೋಗುವಾಗ ಕೆಳಗಿನ ಬರ್ತಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವವರಿಗೂ ಇದೇ ಮಾತು ಅನ್ವಯ.

ಇನ್ನೊಂದನ್ನು ಮಾಲೀಕರಿಗೇ ಹೇಳಬೇಕು. ನಿಯಮ ಮುರಿಯುವವರು ಹೆಚ್ಚಾಗಿ ನೀವೇ. "ತಂಗೀ, ಈಗ ಅರ್ಜೆಂಟು, ಆ ಪಟ್ಟಿ ಸುಮ್ನೆ ವಾಟ್ಸಾಪಿಗೆ ಹಾಕಿಬಿಡು" ಎಂದು ನೀವು ಒಂದು ಸಲ ಹೇಳಿದರೆ ಸಾಕು, ಅವರ ಕಣ್ಣಲ್ಲಿ ಆ ನಿಯಮ ಅಲ್ಲಿಗೆ ಮುಗಿಯಿತು. ಮೋಸಗಾರರು ಬಳಸುವುದೂ ಇದೇ ದನಿಯನ್ನು. ಹೊಸ ನಂಬರಿನಿಂದ, ನಿಮ್ಮದೇ ಫೋಟೊ ಹಾಕಿಕೊಂಡು, "ಮೀಟಿಂಗಿನಲ್ಲಿದ್ದೇನೆ, ಬೇಗ ಕಳಿಸು" ಎಂಬ ಸಂದೇಶ ಬರುತ್ತದೆ. ಪಟ್ಟಿ, ಹಣ, ಒಟಿಪಿ ಯಾವುದನ್ನೇ ಕೇಳಿದರೂ ಗೊತ್ತಿರುವ ಹಳೆಯ ನಂಬರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು ಎಂದು ಸಿಬ್ಬಂದಿಗೆ ಹೇಳಿ. ಹಾಗೆ ಫೋನ್ ಮಾಡಿದ ದಿನ ಅವರ ಮೇಲೆ ರೇಗಬೇಡಿ.

ಹಂತ 9: ಒಪ್ಪಂದದ ಕಾಗದ

ವ್ಯವಹಾರದ ಗುಟ್ಟಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ರಕ್ಷಣೆ ಸಿಗುವುದು ಮುಖ್ಯವಾಗಿ ಒಪ್ಪಂದದಿಂದ. ಆದ್ದರಿಂದ ಕಾಗದ ಬೇಕು, ಆದರೆ ಅದರಲ್ಲಿ ಏನಿದೆ ಎಂಬುದು ಮುಖ್ಯ. "ಕಂಪನಿಯ ಎಲ್ಲ ಮಾಹಿತಿ ಗೌಪ್ಯ" ಎಂಬ ಒಂದು ಸಾಲು ಸಾಲದು. ಮೊದಲ ಹಂತದಲ್ಲಿ ಬರೆದ ಮೊದಲ ಎರಡು ಕಾಲಂಗಳನ್ನು ಅನುಬಂಧವಾಗಿ ಸೇರಿಸಿ. ಯಾವ ಸಾಧನ ಬಳಸಬಹುದು, ಬಿಡುವಾಗ ಏನು ಮರಳಿಸಬೇಕು ಎಂದೂ ಬರೆಯಿರಿ. ಕನ್ನಡದಲ್ಲೇ ಇರಲಿ. ಓದಿ ಅರ್ಥವಾಗದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿದರೆ ಅದು ಕಪಾಟಿನಲ್ಲಿ ಉಳಿಯುತ್ತದೆ, ತಲೆಯಲ್ಲಿ ಅಲ್ಲ.

ಜನ ಹಾಕುವ ಇನ್ನೊಂದು ಷರತ್ತು: "ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯಾಪಾರ ಮಾಡಬಾರದು." 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಒಬ್ಬರ ವೃತ್ತಿಗೆ ಅಡ್ಡಿ ಮಾಡುವ ಕರಾರು ಸಾಮಾನ್ಯವಾಗಿ ಊರ್ಜಿತವಲ್ಲ. ಅದರ ಮೇಲೆ ಭರವಸೆ ಇಡಬೇಡಿ, ಮಾಹಿತಿ ಒಯ್ಯಬಾರದು ಎಂಬ ಷರತ್ತನ್ನು ಗಟ್ಟಿ ಮಾಡಿ. ಒಪ್ಪಿಗೆಯಿಲ್ಲದೆ ಡೇಟಾ ನಕಲು ಮಾಡಿ ಒಯ್ಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿಗೆ ಬರುತ್ತದೆ. ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲಾಗಬಹುದು. ಗಿರಾಕಿಗಳ ವೈಯಕ್ತಿಕ ಮಾಹಿತಿಯ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊಣೆಯನ್ನು ವ್ಯವಹಾರದ ಮೇಲೆಯೇ ಹೊರಿಸುತ್ತದೆ. ತಕ್ಕ ಭದ್ರತೆ ಇಡದಿದ್ದರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಕಾಗದದ ಕೊನೆಯ ಕರಡನ್ನು ವಕೀಲರಿಗೆ ತೋರಿಸಿ.

ಹಂತ 10: ಕೆಲಸ ಬಿಡುವ ದಿನ

ಒಳ್ಳೆಯ ಮಾತಿನಲ್ಲಿ ಬಿಡುವವರ ಹತ್ತಿರ ಏನೂ ಕೇಳಲು ಸಂಕೋಚ. ಜಗಳವಾಡಿ ಬಿಡುವವರ ಹತ್ತಿರ ಕೇಳಲು ಆಗುವುದೇ ಇಲ್ಲ. ಹೀಗಾಗಿ ಎರಡೂ ಸಂದರ್ಭದಲ್ಲಿ ಕೆಲಸ ಉಳಿದುಹೋಗುತ್ತದೆ. ಎಲ್ಲರಿಗೂ ಒಂದೇ ಪಟ್ಟಿ ಇದ್ದರೆ ಯಾರಿಗೂ ಬೇಸರವಿಲ್ಲ. ಸೇರಿದ ದಿನವೇ ಆ ಪಟ್ಟಿಯನ್ನು ತೋರಿಸಿ.

ಕ್ರಮ ಹೀಗಿರಲಿ:

1. ಕೊನೆಯ ದಿನ ಅವರು ಇರುವಾಗಲೇ ಫೈಲುಗಳು, ನಡೆಯುತ್ತಿರುವ ವ್ಯವಹಾರಗಳು, ಗಿರಾಕಿಗಳ ನಂಬರುಗಳು ಹಸ್ತಾಂತರವಾಗಲಿ.

2. ಅವರ ಕಚೇರಿ ಇಮೇಲಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ಖಾತೆಯನ್ನು ಅಳಿಸಬೇಡಿ. ಬರುವ ಪತ್ರಗಳನ್ನು ಬೇರೆಯವರಿಗೆ ತಿರುಗಿಸಿ.

3. ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ತೆರೆದು ಅವರ ಲ್ಯಾಪ್‌ಟಾಪ್ ಕಡಿಯಿರಿ. ಗುಂಪುಗಳಿಂದ ತೆಗೆಯಿರಿ. ತೆಗೆದ ಮೇಲೂ ಹಳೆಯ ಸಂದೇಶಗಳು ಅವರ ಫೋನಿನಲ್ಲಿ ಉಳಿಯುತ್ತವೆ, ಅದಕ್ಕೇ ದರಪಟ್ಟಿ ಗುಂಪಿಗೆ ಹೋಗಬಾರದು.

4. ಡ್ರೈವ್, ಟ್ಯಾಲಿ, ಎನಿಡೆಸ್ಕ್, ಬ್ಯಾಂಕಿನ ಬಳಕೆದಾರ, ಜಿಎಸ್‌ಟಿ ಲಾಗಿನ್. ಎಲ್ಲರೂ ಹಂಚಿಕೊಂಡಿದ್ದ ಪಾಸ್‌ವರ್ಡ್ ಯಾವುದಿದ್ದರೂ ಬದಲಿಸಿ.

5. ಲ್ಯಾಪ್‌ಟಾಪ್, ಪೆನ್‌ಡ್ರೈವ್, ಮನೆಯಲ್ಲಿರುವ ಪ್ರಿಂಟ್ ಪ್ರತಿಗಳನ್ನು ವಾಪಸ್ ಪಡೆಯಿರಿ.

6. "ನನ್ನ ಬಳಿ ಯಾವುದೇ ಪ್ರತಿ ಉಳಿದಿಲ್ಲ" ಎಂದು ಬರೆದು ಸಹಿ ತೆಗೆದುಕೊಳ್ಳಿ, ಲೆಕ್ಕ ಚುಕ್ತಾ ಮಾಡಿ. ಸಂಬಳ ತಡೆಹಿಡಿದು ಒತ್ತಾಯಿಸುವುದು ಬೇಡ. ಅದರಿಂದ ಸಿಟ್ಟಾಗಿ ಮಾಹಿತಿ ಹಂಚಿದವರೇ ಹೆಚ್ಚು.

ಮೊದಲ ನಾಲ್ಕು ಒಂದೇ ದಿನದಲ್ಲಿ ಮುಗಿಯಬೇಕು. ವಾರ ಬಿಟ್ಟು ನೋಡೋಣ ಎಂದರೆ ಅದು ಆಗುವುದೇ ಇಲ್ಲ.

ಸೋರಿದೆ ಎಂಬ ಅನುಮಾನ ಬಂದರೆ

ಇವುಗಳ ಮೇಲೆ ಕಣ್ಣಿಡಿ: ಗೊತ್ತಿಲ್ಲದ ಊರಿನಿಂದ ಲಾಗಿನ್ ಆದ ಎಚ್ಚರಿಕೆ, ಕೇಳದೇ ಬಂದ ಒಟಿಪಿ, ಇಮೇಲಿನಲ್ಲಿ ನೀವು ಹಾಕದ ಫಾರ್ವರ್ಡಿಂಗ್, ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ಗುರುತಿಲ್ಲದ ಕಂಪ್ಯೂಟರ್, ರಾತ್ರಿ ಹೊತ್ತು ದೊಡ್ಡ ಪ್ರಮಾಣದ ಡೌನ್‌ಲೋಡ್. ಇನ್ನೊಂದು ಸೂಚನೆ ಮಾರುಕಟ್ಟೆಯಲ್ಲೇ ಸಿಗುತ್ತದೆ: ಒಬ್ಬರೇ ಎದುರಾಳಿ ಸತತವಾಗಿ ನಿಮಗಿಂತ ಸ್ವಲ್ಪವೇ ಮೇಲೆ ಬರೆಯುತ್ತಿದ್ದರೆ ಅದು ಕಾಕತಾಳೀಯ ಆಗಿರಲಿಕ್ಕಿಲ್ಲ. ಹಾಗೆಂದು ಯಾರ ಮೇಲೂ ಬೊಟ್ಟು ಮಾಡಬೇಡಿ. ಮೊದಲು ಎರಡನೇ ಹಂತಕ್ಕೆ ಮರಳಿ, ಫೈಲಿನ ದಾರಿ ಹುಡುಕಿ.

ಮೊದಲ ಗಂಟೆಯಲ್ಲಿ ಮಾಡಬೇಕಾದದ್ದು: ಸಂಬಂಧಪಟ್ಟ ಖಾತೆಯ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿ. ಅನುಮಾನವಿರುವ ಕಂಪ್ಯೂಟರಿನ ಇಂಟರ್ನೆಟ್ ತಂತಿ ಕೀಳಿ, ಆದರೆ ಫಾರ್ಮ್ಯಾಟ್ ಮಾಡಿಸಬೇಡಿ. ಫಾರ್ಮ್ಯಾಟ್ ಆದರೆ ಸಾಕ್ಷಿಯೂ ಹೋಗುತ್ತದೆ. ಲಾಗಿನ್ ದಾಖಲೆಗಳ, ಸಂದೇಶಗಳ ಸ್ಕ್ರೀನ್‌ಶಾಟ್ ದಿನಾಂಕ ಕಾಣುವ ಹಾಗೆ ತೆಗೆದಿಡಿ.

ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ದಾಖಲಿಸಬಹುದು. ನಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಕಾರವಾರದಲ್ಲಿದೆ. ಕಂಪನಿಗಳಿಗೆ ಇನ್ನೊಂದು ಹೊಣೆ ಇದೆ: 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಡೇಟಾ ಸೋರಿಕೆಯಂಥ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. ಗಿರಾಕಿಗಳ ಮಾಹಿತಿ ಸೋರಿದ್ದರೆ ಅವರಿಗೂ ನೀವೇ ಮೊದಲು ಹೇಳಿ. ಯಾವ ಮಾಹಿತಿ ಹೋಗಿದೆ, ಅವರು ಯಾವ ಪಾಸ್‌ವರ್ಡ್ ಬದಲಿಸಬೇಕು, ಯಾರ ಹೆಸರಿನಲ್ಲಿ ಮೋಸದ ಕರೆ ಬರಬಹುದು ಎಂದು ಸ್ಪಷ್ಟವಾಗಿ ತಿಳಿಸಿ. ಆ ಕರೆಯನ್ನು ಸಿಬ್ಬಂದಿಯಿಂದ ಮಾಡಿಸದೆ ಮಾಲೀಕರೇ ಮಾಡಬೇಕು.